ಹೆಸರಿನ ಹಿಂದಿನ ದನಿ

ಗ್ರಂಥಾಲಯಗಳಲ್ಲಿ ಕಾದಂಬರಿಯ ಹೆಸರು ಹೇಳದೆ, ‘ತ್ರಿವೇಣಿಯವರದು ಯಾವುದಿದೆ?’ ಎಂದು ಕೇಳುವ ಓದುಗರುಂಟು. ತ್ರಿವೇಣಿ ಎಂಬುದು ಅನಸೂಯಾ ಶಂಕರ್ (1928–1963) ಅವರ ಕಾವ್ಯನಾಮ. ಆ ಹೆಸರಿಗೆ ಇಷ್ಟು ಬೆಲೆ ಬಂದದ್ದು ಹೇಗೆ?

ಪ್ರೇಮ, ಮದುವೆ, ಸಂಸಾರ: ವಸ್ತು ಎಲ್ಲರಿಗೂ ಒಂದೇ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಹೆಣ್ಣಿನ ಮನಸ್ಸಿನ ಒಳಗಿನಿಂದ ಹೇಳಿದರು. ಸಾಮಾನ್ಯ ಪ್ರಣಯಕಥೆ ಮದುವೆಯಲ್ಲಿ ಮುಗಿಯುತ್ತದೆ. ‘ಶರಪಂಜರ’ದ ಸಂಕಟ ಆಮೇಲಿನದು. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿ ಗುಣವಾಗಿ ಮನೆಗೆ ಮರಳುತ್ತಾಳೆ. ಗಂಡನೂ ಸಮಾಜವೂ ಅವಳನ್ನು ಹುಚ್ಚಿಯೆಂದೇ ಕಾಣುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಈ ಕಥೆಯನ್ನು ತೆರೆಗೆ ತಂದರು.

ಹೊಸ ಲೇಖಕಿಯರಿಗೆ ಒಂದು ಮಾತು. ಹೆಸರನ್ನು ಪ್ರಕಾಶಕರು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಬಹುದು. ಓದುಗರು ಮತ್ತೆ ಬರುವುದು ದನಿಗಾಗಿ. ಅದನ್ನು ನೀವೇ ಕಂಡುಕೊಳ್ಳಬೇಕು.