ಮನೆ ದುರಸ್ತಿಯ ಜೊತೆಗೆ ಒಲೆಯ ದುರಸ್ತಿ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗಗಳಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು, ಮನೆ ದುರಸ್ತಿಗೆ ಕೈಹಾಕುವುದುಂಟು. ಹಂಚು ತಿರುವುತ್ತಾರೆ, ಜಗುಲಿಗೆ ಬಣ್ಣ ಬಳಿಯುತ್ತಾರೆ. ಹೊಗೆ ಹಿಡಿದ ಅಡಿಗೆಮನೆ ಮಾತ್ರ ಹಾಗೆಯೇ ಉಳಿಯುತ್ತದೆ. ಇಂಧನ ಪೋಲಾಗುವುದು ಅಲ್ಲಿ ಮತ್ತು ಬಚ್ಚಲಲ್ಲಿ. ಗ್ಯಾಸ್ ಬಂದಿರುವ ಎಷ್ಟೋ ಮನೆಗಳಲ್ಲಿ ಸ್ನಾನದ ಹಂಡೆಗೆ ಇಂದಿಗೂ ಕಟ್ಟಿಗೆಯೇ ಆಧಾರ.

ಮೂರು ಕಲ್ಲಿನ ಒಲೆಯಲ್ಲಿ ಶಾಖದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯಲ್ಲಿ ಇದು ಶೇ. 30ನ್ನು ಮೀರಿತು. ಅದರ ಕೆಲಸ ಸರಳ. ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ, ಬಿಸಿ ಹೊಗೆ ಮೂರು ಪಾತ್ರೆಗಳ ತಳ ಸವರಿಕೊಂಡು ಕೊಳವೆಯಿಂದ ಹೊರಹೋಗುತ್ತದೆ. ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ಇದರಿಂದಾಗುವ ಉಪಕಾರ ಕಟ್ಟಿಗೆಯ ಉಳಿತಾಯಕ್ಕಿಂತ ಕಡಿಮೆಯದಲ್ಲ.

ಆದರೆ ಅಳತೆ ತಪ್ಪಿದ ಒಲೆ ಹೊಗೆಯನ್ನು ಒಳಕ್ಕೇ ಉಗುಳುತ್ತದೆ. ಆದ್ದರಿಂದ ತರಬೇತಿ ಪಡೆದವರಿಂದಲೇ ಕಟ್ಟಿಸಬೇಕು. ಉದ್ದನೆಯ ಕೊರಡು ತುರುಕಲೆಂದು ಒಲೆಯ ಬಾಯಿ ಅಗಲಿಸಬಾರದು. ಕಟ್ಟಿಗೆಯನ್ನೇ ಸಣ್ಣಗೆ ಸೀಳಬೇಕು. ಮೂರೂ ತೂತುಗಳ ಮೇಲೆ ಪಾತ್ರೆ ಇರಬೇಕು. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಬಚ್ಚಲ ಒಲೆಗೂ ಜಾಲರಿ, ಕೊಳವೆ ಕೂಡಿಸಿ, ಹಂಡೆಗೆ ಮುಚ್ಚಳ ಹಾಕುವುದು ಲೇಸು.

ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಅದನ್ನು ಆವಿಯಾಗಿಸಲು ಬಹಳಷ್ಟು ಶಾಖ ವ್ಯರ್ಥವಾಗುತ್ತದೆ. ದುರಸ್ತಿಯ ಹಳೆಯ ಹಂಚು, ಪಕಾಸಿಗಳಿಂದಲೇ ಕಟ್ಟಿಗೆಗೊಂದು ಮಾಡು ಇಳಿಸಬಹುದು. ಅಡಿಗೆಮನೆಗೆ ಹಂಚು ಹೊದಿಸುವಾಗ ಎರಡು ಗಾಜಿನ ಹಂಚು ಸೇರಿಸಿದರೆ ಹಗಲು ದೀಪ ಬೇಕಿಲ್ಲ.