ಸಣ್ಣ ಜ್ವರವೆಂದು ಸುಮ್ಮನಿರಬೇಡಿ

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಬೆಲೆ, ಬಡ್ಡಿ, ಸಾಲ ವಸೂಲಿ ಬಗ್ಗೆ ಮಾತಾಡಿದ್ದೀವಿ. ಈಗ ಜ್ವರದ ಮಾತು ಎತ್ತಿದರೆ, ಇವನೇನು ಡಾಕ್ಟರೇ ಅಂತ ನೀವು ಕೇಳಬಹುದು. ನಾನು ಡಾಕ್ಟರಲ್ಲ, ನಿಮ್ಮ ಹಾಗೇ ರೈತ. ಆದರೆ ನಮ್ಮ ಮನೆ ಮೇಲೆ ಸಾಲ ಏರಿದ್ದು ಬರಗಾಲದಿಂದಲ್ಲ, ಒಂದು ಸಣ್ಣ ಜ್ವರದಿಂದ.

ಕಬ್ಬು ಕಡಿಯುವ ಕಾಲ. ಸಂಜೆಯಾದರೆ ನಮ್ಮಣ್ಣನ ಮೈ ಬೆಚ್ಚಗಾಗುತ್ತಿತ್ತು, ಜೊತೆಗೆ ಕೆಮ್ಮು. ಬೆಳಿಗ್ಗೆ ಜ್ವರ ಇರುತ್ತಿರಲಿಲ್ಲ. "ದಣಿವು ಕಣೋ, ಕಬ್ಬು ಸಾಗಿಸಿದ ಮೇಲೆ ನೋಡಿದ್ರಾಯ್ತು" ಅಂದ. ಊರಿಗೆ ಬೈಕಿನಲ್ಲಿ ಬರುವ ಒಬ್ಬರು ಸೂಜಿ ಚುಚ್ಚಿದರು. ಮೂರು ದಿನ ಆರಾಮ, ನಾಲ್ಕನೇ ದಿನ ಮತ್ತೆ ಅದೇ. ಹೀಗೇ ಮೂರು ತಿಂಗಳು ಕಳೆದೆವು. ಕೊನೆಗೆ ಕೆಮ್ಮಿದಾಗ ರಕ್ತ ಬಿತ್ತು. ಗಾಬರಿಯಲ್ಲಿ ಪಟ್ಟಣದ ಖಾಸಗಿ ಆಸ್ಪತ್ರೆಗೆ ಓಡಿದೆವು. ಎತ್ತು ಮಾರಿದೆವು, ಸಾಲದೆ ಕೈಸಾಲ ಮಾಡಿದೆವು. ಕಾಯಿಲೆ ಕ್ಷಯ. ಮೊದಲ ತಿಂಗಳಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದ್ದರೆ ಪರೀಕ್ಷೆಯೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ಅಣ್ಣ ಉಳಿದ. ಸಾಲವೂ ಉಳಿದಿದೆ.

ಹಾಗಾದರೆ ಯಾವ ಜ್ವರಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಮೊದಲು, ಹಣೆ ಮುಟ್ಟಿ ಜ್ವರ ಹೇಳಬೇಡಿ. ಮನೆಗೊಂದು ಥರ್ಮಾಮೀಟರ್ ಇರಲಿ. ಒಂದು ಚೀಲ ಯೂರಿಯಾದ ಬೆಲೆಯೊಳಗೆ ಸಿಗುತ್ತೆ. ಆರೋಗ್ಯವಂತರ ಮೈ ಕಾವು ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ಬೆಳಿಗ್ಗೆ ಸ್ವಲ್ಪ ಕಡಿಮೆ, ಸಂಜೆ ಸ್ವಲ್ಪ ಹೆಚ್ಚು ಇರುವುದು ಸಹಜ. 100.4 ಮುಟ್ಟಿದರೆ ಜ್ವರ. 99 ದಾಟಿ 100.4ರ ಒಳಗೇ ಆಡುತ್ತಿದ್ದರೆ ಅದು ಸಣ್ಣ ಜ್ವರ. ಬಿಸಿಲಿನಿಂದ ಬಂದ ಕೂಡಲೇ ನೋಡಬೇಡಿ, ಅರ್ಧ ಗಂಟೆ ನೆರಳಲ್ಲಿ ಕೂತು ನೋಡಿ. ಎರಡು ಹೊತ್ತೂ ನೋಡಿ, ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯೋ ಹಾಗೆ ಬರೆದಿಡಿ. ಆ ಚೀಟಿ ಡಾಕ್ಟರಿಗೆ ಬಹಳ ಉಪಯೋಗ.

ನೆಗಡಿ, ಗಂಟಲು ನೋವಿನ ಜ್ವರ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತೆ. ವಿಶ್ರಾಂತಿ, ಗಂಜಿ, ಚೆನ್ನಾಗಿ ನೀರು ಸಾಕು. ಮೈ ಕೈ ನೋವಿದ್ದರೆ ದೊಡ್ಡವರು ಪ್ಯಾರಾಸಿಟಮಾಲ್ 500ರ ಒಂದು ಮಾತ್ರೆ ತಗೋಬಹುದು, ಆರು ಗಂಟೆಗೆ ಒಂದಕ್ಕಿಂತ ಹೆಚ್ಚು ಬೇಡ. ಬೇರೆ ನೋವಿನ ಮಾತ್ರೆ ನುಂಗಬೇಡಿ, ಡೆಂಗಿ ಆಗಿದ್ದರೆ ರಕ್ತಸ್ರಾವವಾದೀತು. ಹೋದ ವರ್ಷ ಉಳಿದ ಮಾತ್ರೆಯನ್ನೂ ಮುಟ್ಟಬೇಡಿ.

ಮೂರು ದಿನಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಬಸುರಿಯರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಅಷ್ಟೂ ಕಾಯಬಾರದು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಅವತ್ತೇ ತೋರಿಸಿ. ಉಸಿರಾಟಕ್ಕೆ ಕಷ್ಟ, ಎದೆ ನೋವು, ಮಾತು ತಡವರಿಸುವುದು, ಕುತ್ತಿಗೆ ಬಿಗಿ, ಫಿಟ್ಸ್, ನಿಲ್ಲದ ವಾಂತಿ, ವಿಪರೀತ ಹೊಟ್ಟೆನೋವು, ವಸಡು ಮೂಗಿನಲ್ಲಿ ರಕ್ತ, ಮೂತ್ರ ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಹಗಲು ಎನ್ನದೆ 108ಕ್ಕೆ ಫೋನ್ ಮಾಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ ಶುರುವಾಗುವುದುಂಟು. ಇಳಿಯಿತಲ್ಲ ಎಂದು ಮೈಮರೆಯಬೇಡಿ.

ಇನ್ನು ವಾರಗಟ್ಟಲೆ ಎಳೆಯುವ ಸಣ್ಣ ಜ್ವರ. ಎರಡು ವಾರ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಲೇಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕೇಳಿ ಪಡೆಯಿರಿ. ಮೈ ಹಗುರಾಯಿತು ಅಂತ ಔಷಧಿಯನ್ನು ನಡುವೆ ಬಿಡಬೇಡಿ.

ದನ ಕಟ್ಟಿದವರಿಗೆ ಇನ್ನೊಂದು ಮಾತು. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಎಳೆದವರಿಗೆ, ಹಸಿ ಹಾಲು ಕುಡಿದವರಿಗೆ ಬ್ರುಸೆಲ್ಲಾ ರೋಗ ಬರಬಹುದು. ಬಂದು ಹೋಗುವ ಜ್ವರ, ಬೆವರು, ಕೀಲು ಮತ್ತು ಸೊಂಟ ನೋವು ಅದರ ಲಕ್ಷಣ. ಇದು ಗೇಯ್ಮೆಯ ನೋವು ಅಂತಲೇ ನಾವು ತಿಂಗಳುಗಟ್ಟಲೆ ನರಳುತ್ತೀವಿ. ಹಸು ಕಂದು ಹಾಕಿತ್ತು ಅಂತ ನೀವು ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗೋದು ಹೇಗೆ? ಗದ್ದೆ ನೀರಲ್ಲಿ ನಿಂತು ದುಡಿದಿದ್ದರೆ ಅದನ್ನೂ ಹೇಳಿ, ಇಲಿ ಜ್ವರ ಇರಬಹುದು. ಹಾಲು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

ಬೈಕಿನ ಸೂಜಿಯ ವಿಷಯಕ್ಕೆ ಬರುತ್ತೀನಿ. ಅಂಥ ಸೂಜಿಯಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಇರುತ್ತೆ. ಜ್ವರ ಅಡಗುತ್ತೆ, ರೋಗ ಒಳಗೇ ಬೆಳೆಯುತ್ತೆ. ಬಡ್ಡಿ ಕಟ್ಟಲು ಇನ್ನೊಂದು ಸಾಲ ಮಾಡಿದ ಹಾಗೆ.

ಬಂಧುಗಳೇ, ನಮ್ಮ ಬೆಳೆಯ ಖರ್ಚು ಲೆಕ್ಕ ಹಾಕುವವರು ಬೀಜ, ಗೊಬ್ಬರ, ಕೂಲಿ ಹಿಡಿಯುತ್ತಾರೆ. ನಮ್ಮ ಆಸ್ಪತ್ರೆ ಖರ್ಚು ಹಿಡಿಯುವುದಿಲ್ಲ. ಬೆಲೆಗಾಗಿ ಹೋರಾಡುವ ನಾವು ನಮ್ಮ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇದ್ದಾರೆಯೇ, ರಕ್ತ ಕಫ ಪರೀಕ್ಷೆ ನಡೆಯುತ್ತಿದೆಯೇ ಅಂತಲೂ ಹೋಗಿ ಕೇಳಬೇಕು. ಅದು ಭಿಕ್ಷೆಯಲ್ಲ, ನಮ್ಮ ಹಕ್ಕು. ಈ ಸಂಜೆ ಮನೆಗೆ ಹೋದಾಗ, "ಏನಿಲ್ಲ, ಸ್ವಲ್ಪ ಮೈ ಬೆಚ್ಚಗಿದೆ" ಅಂತ ಒಲೆ ಮುಂದೆ ಕೂತೇ ಇರುವ ಹೆಂಗಸನ್ನು ಮೊದಲು ಕೇಳಿ, ಎಷ್ಟು ದಿನದಿಂದ ಅಂತ.