ಕುರಿಮಂದೆಯ ಜೊತೆ ನಡೆಯುವ ಆ ಕುದುರೆ ಯಾವ ತಳಿ?

ನಾನು ಚಿಕ್ಕಮಗಳೂರು ಜಿಲ್ಲೆಯ ಹೆಬ್ಬೆ ಕಡೆಯವನು. ಹೆಬ್ಬೆ ಅಂದ ಕೂಡಲೇ ನಿಮಗೆಲ್ಲ ಜಲಪಾತ ನೆನಪಾಗುತ್ತೆ. ಬೆಟ್ಟ ಇಳಿದು ಅಜ್ಜಂಪುರದ ಕಡೆ ಹೋದರೆ ಅಲ್ಲಿ ಅಮೃತ್ ಮಹಲ್ ದನಗಳದ್ದೇ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ, ಸರಂಜಾಮು ಎಳೆದ ತಳಿ ಅದು. ಅದಕ್ಕೆ ಅಂತ ಕಾವಲುಗಳಿವೆ, ಅಜ್ಜಂಪುರದಲ್ಲಿ ಸಂವರ್ಧನಾ ಕೇಂದ್ರ ಇದೆ.

ಸರಿ, ಎತ್ತಿನ ಕಥೆ ಗೊತ್ತು. ಅದೇ ಸೈನ್ಯಗಳಲ್ಲಿದ್ದ ಕುದುರೆಗಳ ಕಥೆ ಏನು? ನಮ್ಮ ಸೀಮೆಯದ್ದೇ ಅನ್ನುವಂಥ ಕುದುರೆ ತಳಿ ಇದೆಯಾ? ಇವತ್ತು ಅದರ ಬಗ್ಗೆ ಮಾತಾಡೋಣ.

ಕರ್ನಾಟಕದ ಅರಸರು ಒಳ್ಳೆ ಕುದುರೆಗಾಗಿ ಶತಮಾನಗಳ ಕಾಲ ಸಮುದ್ರದ ಕಡೆ ನೋಡಿದರು. ಅರಬ್ ದೇಶದ, ಹೊರ್ಮುಜ್‌ನ ಕುದುರೆಗಳು ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವೆಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದವು. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿರುವುದು ನೋಡಿ: ಸಾಳುವ ನರಸಿಂಹ ಹಡಗಿನಲ್ಲೇ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕು! ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತಲೂ ಅವನೇ ಹೇಳುತ್ತಾನೆ. ಆ ಲೆಕ್ಕದಲ್ಲಿ ಹೊರ್ಮುಜ್ ಕುದುರೆಯ ಜೊತೆ ನಾಡಕುದುರೆಯೂ ಸೇರಿತ್ತು. ನಾವು ಅರಬ್ಬೀ ಕುದುರೆಯ ಕಥೆ ಕೇಳಿ ಕೇಳಿ ಈ ನಾಡಕುದುರೆಯನ್ನು ಮರೆತೇಬಿಟ್ಟಿದ್ದೇವೆ.

ದಖ್ಖನಿನಲ್ಲಿ ಹೀಗೆ ಬಂದ ಕುದುರೆಗಳೂ ಸ್ಥಳೀಯ ತಟ್ಟುಗಳೂ ಬೆರೆತು ಒಂದು ತಳಿ ಹುಟ್ಟಿತು. ಅದರ ಹೆಸರು ಭೀಮಥಡಿ. ದಖ್ಖನಿ ಕುದುರೆ ಅಂತಲೂ ಕರೀತಾರೆ. ಥಡಿ ಅಂದರೆ ನಮ್ಮ ತಡಿಯೇ, ನದಿಯ ದಡ. ಭೀಮಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತೆ. ಎತ್ತರ ಕಡಿಮೆ, ಮೈಕಟ್ಟು ಗಟ್ಟಿ, ಸಿಕ್ಕಿದ ಹುಲ್ಲು ಮೇಯ್ದುಕೊಂಡು ದಿನಗಟ್ಟಲೆ ನಡೆಯುವ ಪ್ರಾಣಿ ಇದು. ಮರಾಠರ ಸೈನ್ಯದ ವೇಗಕ್ಕೆ ಇಂಥ ಕುದುರೆಗಳೇ ಆಧಾರ.

ಆಮೇಲೆ ಬ್ರಿಟಿಷರು ಬಂದರು. ಅವರ ಸೈನ್ಯಕ್ಕೆ ಎತ್ತರದ ಕುದುರೆ ಬೇಕಿತ್ತು, ಆಸ್ಟ್ರೇಲಿಯಾದಿಂದ ವೇಲರ್ ಕುದುರೆ ತರಿಸಿದರು. ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಫಾರಂನಲ್ಲೂ ಮುಂದೆ ರೇಸಿನ ಥರೋಬ್ರೆಡ್ ಕುದುರೆಗಳೇ ಬಂದವು. ನಾಡಕುದುರೆಗೆ ದಂಡಿನ ಕೆಲಸ ಹೋಯಿತು.

ಹಾಗಿದ್ದೂ ಅದು ಉಳಿದದ್ದು ಹೇಗೆ? ಕುರಿಗಾಹಿಗಳಿಂದ. ಮಹಾರಾಷ್ಟ್ರದ ಧನಗರರು ಊರೂರು ತಿರುಗುವಾಗ ಹಾಸಿಗೆ, ಪಾತ್ರೆ, ಕೋಳಿ, ನಡೆಯಲಾರದ ಕುರಿಮರಿ ಎಲ್ಲವನ್ನೂ ಈ ಕುದುರೆಯ ಬೆನ್ನಿಗೇ ಹೇರುತ್ತಾರೆ. ಗಡಿಯ ಈಚೆ ನಮ್ಮ ಬೆಳಗಾವಿ ಸೀಮೆಯ ಕುರುಬರ ಮಂದೆಗಳಲ್ಲೂ ಕುದುರೆ ಕಾಣುತ್ತೆ. ಅರಮನೆ ಕೈಬಿಟ್ಟ ಪ್ರಾಣಿಯನ್ನು ಕಂಬಳಿ ಹೊದ್ದವರು ಕಾಪಾಡಿದರು.

ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಇತ್ತೀಚೆಗಷ್ಟೇ ಭೀಮಥಡಿಯನ್ನು ಪ್ರತ್ಯೇಕ ತಳಿ ಅಂತ ನೋಂದಾಯಿಸಿದೆ. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ, ಜನ್ಸ್ಕಾರಿ ತಳಿಗಳ ಸಾಲಿಗೆ ಇದೂ ಸೇರಿತು. ಸಂತೋಷ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ತಳಿ ಉಳಿಯಲ್ಲ. ಅಮೃತ್ ಮಹಲನ್ನೇ ನೋಡಿ. ಹೆಸರು ದೊಡ್ಡದು, ಗಾಡಿಗೆ, ಉಳುಮೆಗೆ ಟ್ರ್ಯಾಕ್ಟರ್ ಬಂತು, ಕಾವಲುಗಳು ಕರಗಿದವು, ದನವೂ ಕಡಿಮೆಯಾಯಿತು.

ಕುದುರೆಗೂ ಅದೇ ಅಪಾಯ. ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ರೈತ ಇರಬೇಕು, ಗೋಮಾಳ ಇರಬೇಕು, ಮಂದೆ ಹಾದುಹೋಗಲು ದಾರಿ ಇರಬೇಕು. ಕುರಿಗಾಹಿ ಸರಂಜಾಮನ್ನು ಟೆಂಪೋಗೆ ಹಾಕಿದ ದಿನ ಕುದುರೆಗೆ ಕೆಲಸ ಇಲ್ಲ. ತಳಿ ಉಳಿಸಬೇಕು ಅಂದರೆ ಮೊದಲು ಅದನ್ನು ಸಾಕುವವರ ಬದುಕು ಉಳಿಯಬೇಕು. ಗೋಮಾಳ ಉಳಿಸಿ ಅಂತ ಕುರಿಗಾಹಿಗಳು ಕೇಳಿದಾಗ, ಅದು ಕುದುರೆಯ ಪರವಾದ ಮಾತೂ ಹೌದು ಅಂತ ತಿಳಿಯಿರಿ.

ಮುಂದಿನ ಸಲ ರಸ್ತೆಯಲ್ಲಿ ಮಂದೆ ಎದುರಾದರೆ ಹಾರನ್ ಹೊಡೀಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಆ ಕುದುರೆಯನ್ನೊಮ್ಮೆ ನೋಡಿ.